ಎರಡನೇ ಬೆಳೆ ಇಲ್ಲದ ವರ್ಷದ ಕೂಲಿ ಲೆಕ್ಕ

ನಮ್ಮ ಅವ್ವ ಓದು ಬರಹ ಕಲಿತವಳಲ್ಲ. ಆದರೆ ಅವಳ ನಾಟಿ ಗುಂಪಿನ ಲೆಕ್ಕದಲ್ಲಿ ಅರ್ಧ ದಿನ ಹೆಚ್ಚುಕಡಿಮೆಯಾದದ್ದನ್ನು ನಾನು ನೋಡಿಲ್ಲ. ಬಾಯಿಲೆಕ್ಕ ಅವಳದು, ಬರವಣಿಗೆ ನನ್ನದು. ನಾನು ಆರನೇ ತರಗತಿಯಲ್ಲಿದ್ದಾಗ ಶುರುವಾದ ಈ ಕೆಲಸ ಇಂದಿಗೂ ನಿಂತಿಲ್ಲ. ಸಿಂಧನೂರಿನ ಸಂತೆಯಲ್ಲಿ ಕೊಂಡ ಕೆಂಪು ರಟ್ಟಿನ ಉದ್ದನೆಯ ಪುಸ್ತಕದಲ್ಲಿ ಎಡಗಡೆ ಹೆಂಗಸರ ಹೆಸರು, ಅದರ ಮುಂದೆ ಯಾರ ಹೊಲ, ಎಷ್ಟು ಎಕರೆ, ಎಷ್ಟು ಮಂದಿ ಎಂಬ ವಿವರ, ಕಡೆಯ ಸಾಲಿನಲ್ಲಿ ಬಂದದ್ದು ಮತ್ತು ಬರಬೇಕಾದ ಬಾಕಿ. ಒಂದು ಪುಸ್ತಕ ಮೂರು ನಾಲ್ಕು ವರ್ಷಕ್ಕೆ ಮುಗಿಯುತ್ತದೆ. ಹಳೆಯವೆಲ್ಲ ಅವ್ವನ ಟ್ರಂಕಿನಲ್ಲಿ ಸೀರೆಗಳ ಕೆಳಗಿವೆ.

ಈಚಿನ ಪುಸ್ತಕದಲ್ಲಿ ಎರಡು ಕಡೆ ಪುಟಗಳು ಖಾಲಿ ಬಿದ್ದಿವೆ. ಮೊದಲನೆಯದು 2023ರ ಡಿಸೆಂಬರ್‌ನಿಂದ 2024ರ ಮಾರ್ಚ್‌ವರೆಗಿನದು, ಎರಡನೆಯದು ಮೊನ್ನೆ ಕಳೆದ 2025-26ರ ಹಿಂಗಾರಿನದು. ಎರಡೂ ಸಲ ಕಾರಣ ಒಂದೇ ಮಾತಿನಲ್ಲಿ ನಮ್ಮ ಓಣಿಗೆ ಬಂತು: "ಈ ಸಲ ಎರಡನೇ ಬೆಳಿಗೆ ನೀರು ಬಿಡಂಗಿಲ್ಲಂತ." ಆ ಮಾತನ್ನು ಹೇಳಿದವರು ಹೊಲ ಇದ್ದವರು. ಕೇಳಿಸಿಕೊಂಡ ಅವ್ವ ಆ ರಾತ್ರಿ ತನ್ನ ಗುಂಪಿನ ಒಬ್ಬೊಬ್ಬರ ಮನೆಗೂ ಹೋಗಿ ಬಂದಳು. ಯಾರಿಗೆ ಎಷ್ಟು ಸಾಲವಿದೆ, ಯಾರ ಮಗಳ ಮದುವೆ ಗೊತ್ತಾಗಿದೆ ಎಂಬುದೆಲ್ಲ ಅವಳಿಗೆ ತಿಳಿದದ್ದೇ.

ನಾನು ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಉದ್ಯೋಗ ನೀತಿ ಎಂಬ ಅಧ್ಯಾಯ ಬಂದಾಗ ಪಠ್ಯದಲ್ಲಿರುವುದು ಯೋಜನೆಗಳು, ಕಾಯ್ದೆಗಳು, ಕೈಗಾರಿಕಾ ನೀತಿ, ಕೌಶಲ ತರಬೇತಿ. ಆದರೆ ನಮ್ಮ ಭಾಗದಲ್ಲಿ, ಅಂದರೆ ಕೊಪ್ಪಳ ಜಿಲ್ಲೆಯ ಗಂಗಾವತಿ, ಕಾರಟಗಿಯಿಂದ ಹಿಡಿದು ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಮಾನ್ವಿ, ಸಿರವಾರದವರೆಗೆ, ವರ್ಷದ ಅತಿ ದೊಡ್ಡ ಉದ್ಯೋಗ ನಿರ್ಣಯವನ್ನು ತೆಗೆದುಕೊಳ್ಳುವುದು ಕಾರ್ಮಿಕ ಇಲಾಖೆಯೂ ಅಲ್ಲ, ಕೌಶಲಾಭಿವೃದ್ಧಿ ಇಲಾಖೆಯೂ ಅಲ್ಲ. ಅದು ತುಂಗಭದ್ರಾ ಯೋಜನೆಯ ನೀರಾವರಿ ಸಲಹಾ ಸಮಿತಿ, ನಾವೆಲ್ಲ ಐಸಿಸಿ ಎಂದು ಕರೆಯುವ ಸಭೆ. ಎಡದಂಡೆ ಕಾಲುವೆಗೆ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಎಷ್ಟು ಕ್ಯೂಸೆಕ್ ಎಂದು ಅದು ಹೇಳುತ್ತದೆ. ಆ ನಿರ್ಣಯದಲ್ಲಿ ಟಿಎಂಸಿ ಇರುತ್ತದೆ, ಎಕರೆ ಇರುತ್ತದೆ, ಕುಡಿಯುವ ನೀರಿಗೆಂದು ಕಾಯ್ದಿಟ್ಟ ಪ್ರಮಾಣ ಇರುತ್ತದೆ. ಆಳಿನ ಲೆಕ್ಕ ಮಾತ್ರ ಇರುವುದಿಲ್ಲ. ನನ್ನ ತಕರಾರು ಇದೊಂದೇ.

ಈ ಸಲದ ನಿರ್ಣಯ ತಪ್ಪು ಎಂದು ನಾನು ಹೇಳುತ್ತಿಲ್ಲ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದಾಗ ಇಡೀ ಸೀಮೆ ನಿದ್ದೆಗೆಟ್ಟಿತ್ತು. ತುಂಬಿದ ಡ್ಯಾಮು ಬರಿದಾಗುತ್ತದೆಯೇನೋ ಎಂಬ ಆ ವಾರದ ಭಯವನ್ನು ಮರೆಯಲಾಗದು. 1953ರಲ್ಲಿ ನೀರು ಹರಿಸಲು ಆರಂಭಿಸಿದ ಅಣೆಕಟ್ಟಿಗೆ ಎಪ್ಪತ್ತು ವರ್ಷ ದಾಟಿದೆ. ಮೊದಲಿಗೆ 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ ಸುಮಾರು 105 ಟಿಎಂಸಿಗೆ ಇಳಿದಿದೆ. ಇದ್ದ 33 ಗೇಟುಗಳನ್ನು ಬದಲಿಸಲೇಬೇಕಿತ್ತು, ಬದಲಿಸಬೇಕೆಂದರೆ ನೀರಿನ ಮಟ್ಟ ಇಳಿಸಲೇಬೇಕಿತ್ತು. ಆದ್ದರಿಂದಲೇ 2025ರ ನವೆಂಬರ್‌ನಲ್ಲಿ ಎರಡನೇ ಬೆಳೆಗೆ ನೀರಿಲ್ಲವೆಂದು ಸಭೆ ತೀರ್ಮಾನಿಸಿತು. 2023ರಲ್ಲಿ ಬರ, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿದ ವರ್ಷ. ಆಗ ಜಲಾಶಯಕ್ಕೇ ಸಾಕಷ್ಟು ನೀರು ಬಂದಿರಲಿಲ್ಲ. ಎರಡೂ ನಿರ್ಣಯಗಳಿಗೆ ಕಾರಣವಿತ್ತು. ಆದರೆ ಕಾರಣವಿರುವ ನಿರ್ಣಯದಿಂದಲೂ ಕೂಲಿ ಹೋಗುತ್ತದೆ, ಮತ್ತು ಹೋದ ಕೂಲಿಯನ್ನು ಯಾರೂ ಎಣಿಸದಿದ್ದರೆ ಅದು ಹೋದಂತೆಯೇ ಕಾಣುವುದಿಲ್ಲ.

ಎಣಿಸುವುದು ಕಷ್ಟವೇನೂ ಅಲ್ಲ. ನಾಟಿ ಹಚ್ಚುವುದನ್ನು ಹತ್ತಿರದಿಂದ ಕಂಡವರಿಗೆ ಅದು ಬೆರಳೆಣಿಕೆಯ ಲೆಕ್ಕ. ನಸುಕಿನಲ್ಲಿ ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು, ಟಂಟಂ ಗಾಡಿಯಲ್ಲಿ ಹತ್ತು ಹನ್ನೆರಡು ಮಂದಿ ಒತ್ತಿ ಕುಳಿತು ಹೋಗುತ್ತಾರೆ. ಟ್ರ್ಯಾಕ್ಟರ್ ಹಿಂದಿನ ದಿನವೇ ಕೆಸರು ಹೊಡೆದಿರುತ್ತದೆ. ಸಸಿಮಡಿಯಿಂದ ಕಿತ್ತು ತಂದ ಸಸಿಯ ಕಟ್ಟುಗಳನ್ನು ಗದ್ದೆಯೊಳಗೆ ಅಲ್ಲಲ್ಲಿ ಎಸೆಯುತ್ತಾರೆ. ಎಡಗೈಯಲ್ಲಿ ಕಟ್ಟು, ಬಲಗೈಯ ಮೂರು ಬೆರಳಿನಲ್ಲಿ ಎರಡು ಮೂರು ಎಳೆ, ಹೆಬ್ಬೆರಳಿನಿಂದ ಒತ್ತಿ ಹಿಂದಕ್ಕೆ ಒಂದು ಹೆಜ್ಜೆ. ಹೀಗೆ ದಿನವಿಡೀ ಬೆನ್ನು ಬಾಗಿಸಿ ಹಿಂದಕ್ಕೇ ನಡೆಯುವ ಕೆಲಸ ಇದು. ಡಿಸೆಂಬರ್, ಜನವರಿಯ ನೀರು ಬೆಳಗಿನ ಹೊತ್ತು ಮಂಜುಗಡ್ಡೆಯಂತಿರುತ್ತದೆ. ಕಾಲ್ಬೆರಳ ಸಂದಿಯಲ್ಲಿ ಕೆಸರು ಹುಣ್ಣಾಗುತ್ತದೆ, ರಾತ್ರಿ ಅವ್ವ ಅದಕ್ಕೆ ಅರಿಶಿನ ಮತ್ತು ಕೊಬ್ಬರಿ ಎಣ್ಣೆ ಹಚ್ಚುತ್ತಾಳೆ. ಒಂದು ಎಕರೆ ನಾಟಿಗೆ ಹತ್ತರಿಂದ ಹನ್ನೆರಡು ಆಳು ಬೇಕು. ಕೂಲಿ ದಿನದ ಲೆಕ್ಕದಲ್ಲಲ್ಲ, ಎಕರೆಗೆ ಇಷ್ಟು ಎಂಬ ಗುತ್ತಿಗೆ ಲೆಕ್ಕದಲ್ಲಿ. ಬಂದದ್ದನ್ನು ಗುಂಪಿನವರು ಸಮನಾಗಿ ಹಂಚಿಕೊಳ್ಳುತ್ತಾರೆ.

ಎಕರೆಗೆ ಹತ್ತು ಆಳು ಎಂದೇ ಹಿಡಿಯಿರಿ. ಒಂದು ಲಕ್ಷ ಎಕರೆಯಲ್ಲಿ ಎರಡನೇ ಬೆಳೆಯ ನಾಟಿ ಆಗಲಿಲ್ಲವೆಂದರೆ ನಾಟಿಯೊಂದರಲ್ಲೇ ಹತ್ತು ಲಕ್ಷ ದಿನಗಳ ಕೂಲಿ ಇಲ್ಲವಾಯಿತು. ಅದರ ಬಹುಪಾಲು ಹೆಂಗಸರದು. ಸಸಿ ಕೀಳುವುದು, ಕಳೆ ತೆಗೆಯುವುದು, ಗೊಬ್ಬರ ಎರಚುವುದು, ಆಮೇಲೆ ಭತ್ತ ಒಣಗಿಸಿ ಚೀಲ ತುಂಬುವುದು, ಕಾರಟಗಿ ಸಿಂಧನೂರಿನ ಅಕ್ಕಿ ಗಿರಣಿಗಳ ಹಮಾಲರ ಕೆಲಸ, ಇವು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಎಲ್ಲ ಹೊಲಗಳಲ್ಲೂ ಈಗ ಕೈನಾಟಿ ಇಲ್ಲ ಎಂಬುದು ನಿಜ. ಮಾನ್ವಿ, ಸಿರವಾರ ಕಡೆಯ ಕಾಲುವೆಯ ಕೊನೆ ಭಾಗದಲ್ಲಿ ನೀರು ತಡವಾಗಿ ಬರುವುದರಿಂದ ಕೂರಿಗೆಯಲ್ಲಿ ನೇರವಾಗಿ ಭತ್ತ ಬಿತ್ತುವುದು ಬೆಳೆದಿದೆ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯವೂ ಅದನ್ನು ಉತ್ತೇಜಿಸಿದೆ. ನೀರು ಉಳಿಯುತ್ತದೆ, ರೈತರ ಖರ್ಚು ಉಳಿಯುತ್ತದೆ. ಉಳಿದ ಆ ಖರ್ಚು ಯಾರ ಕೂಲಿಯಾಗಿತ್ತು ಎಂಬ ಪ್ರಶ್ನೆ ಮಾತ್ರ ತರಬೇತಿ ಶಿಬಿರಗಳಲ್ಲಿ ಬರುವುದಿಲ್ಲ. ಕೊಯ್ಲಿನ ಕೂಲಿ ಇದಕ್ಕಿಂತ ಮುಂಚೆಯೇ ಕಟಾವು ಯಂತ್ರದ ಪಾಲಾಯಿತು. ಅವ್ವನ ಹಳೆಯ ಪುಸ್ತಕಗಳಲ್ಲಿ ಕುಡುಗೋಲು ಕೊಯ್ಲಿನ ದಿನಗಳು ಪುಟಗಟ್ಟಲೆ ಇವೆ. ಹೊಸ ಪುಸ್ತಕದಲ್ಲಿ ಆ ಶೀರ್ಷಿಕೆಯನ್ನೇ ನಾನು ಬರೆಯುವುದಿಲ್ಲ.

ಈ ಕೂಲಿ ನಮ್ಮ ಸೀಮೆಗೆ ಹೇಗೆ ಬಂತು ಎಂಬುದೂ ನೀತಿಯ ಕಥೆಯೇ. ತುಂಗಭದ್ರಾ ಯೋಜನೆಯನ್ನು ರೂಪಿಸಿದವರ ಮನಸ್ಸಿನಲ್ಲಿದ್ದದ್ದು ಎರಡು ಬೆಳೆ ಭತ್ತವಲ್ಲ. ಬರಗಾಲದ ಸೀಮೆಗೆ ಆಸರೆಯಾಗುವಷ್ಟು ನೀರು, ಹೆಚ್ಚಿನ ಭಾಗಕ್ಕೆ ಜೋಳ, ಸಜ್ಜೆ, ಹತ್ತಿಯಂಥ ಅರೆನೀರಾವರಿ ಬೆಳೆ, ಭತ್ತಕ್ಕೆ ಸಣ್ಣ ಪಾಲು ಎಂದು ಯಾವ ಸರ್ವೆ ನಂಬರಿಗೆ ಯಾವ ಬೆಳೆ ಎಂಬುದನ್ನು ಗೊತ್ತುಮಾಡಿದ್ದರು. ಆಮೇಲೆ ಆಂಧ್ರದ ಕರಾವಳಿಯಿಂದ ಬಂದ ರೈತರು ಭೂಮಿ ಕೊಂಡು ಕ್ಯಾಂಪುಗಳನ್ನು ಕಟ್ಟಿದರು, ಎರೆಭೂಮಿ ಗದ್ದೆಯಾಯಿತು, ಮೇಲ್ಭಾಗದಲ್ಲಿ ವರ್ಷಕ್ಕೆರಡು ಭತ್ತ ಎಂಬುದು ರೂಢಿಯಾಯಿತು. ಕಾಗದದ ಮೇಲಿನ ಬೆಳೆಪದ್ಧತಿ ಒಂದು, ಹೊಲದ ಮೇಲಿನದು ಇನ್ನೊಂದು. ಸುಮಾರು 227 ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ಕೂಲಿ ಹುಟ್ಟಿತು, ಕೆಳಭಾಗದಲ್ಲಿ ಹುಟ್ಟಲಿಲ್ಲ. ಕಾಲುವೆಯೇ ಇಲ್ಲದ ಕುಷ್ಟಗಿ, ಯಲಬುರ್ಗಾದ ಒಣಭೂಮಿಯ ಹೆಂಗಸರು ನಾಟಿ ಹಂಗಾಮಿಗೆ ಗದ್ದೆಸೀಮೆಗೆ ಬಂದು ಗುಡಿಯ ಕಟ್ಟೆಯಲ್ಲೋ ಶೆಡ್ಡಿನಲ್ಲೋ ಇದ್ದು ದುಡಿದು ಹೋಗುವ ಪದ್ಧತಿ ಬೆಳೆಯಿತು. ನಮ್ಮ ಅವ್ವನೂ ಹಾಗೆ ಬಂದವಳೇ. ಬಂದ ಊರಿನಲ್ಲೇ ನಿಂತಳು. ಆದ್ದರಿಂದ ನೀರು ನಿಂತರೆ ನಷ್ಟ ಕಾಲುವೆ ಸೀಮೆಗಷ್ಟೇ ಎಂದುಕೊಳ್ಳುವುದು ತಪ್ಪು. ಕಾಲುವೆ ಕಾಣದ ಊರಿನ ಒಲೆಗೂ ಅದರ ಬಿಸಿ ತಟ್ಟುತ್ತದೆ.

ಪರಿಹಾರದ ಮಾತು ಪ್ರತಿ ಸಲವೂ ಬರುತ್ತದೆ. ರೈತ ಸಂಘಟನೆಗಳು ಎಕರೆಗೆ ಇಷ್ಟು ಕೊಡಿ ಎಂದು ಕೇಳುತ್ತವೆ, ಕೇಳುವುದು ನ್ಯಾಯವೇ. ಹೊಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಹಾಕಿಕೊಂಡ ಸಣ್ಣ ರೈತರ ಪಾಡು ನನಗೆ ಗೊತ್ತು. ಆದರೆ ಪಹಣಿಯಲ್ಲಿ ಹೆಸರಿಲ್ಲದವರ ಪರಿಹಾರಕ್ಕೆ ಅರ್ಜಿಯ ನಮೂನೆಯೇ ಇಲ್ಲ. ಅವ್ವನ ಗುಂಪಿನ ಇಪ್ಪತ್ಮೂರು ಮನೆಗಳಲ್ಲಿ ಇಪ್ಪತ್ತಕ್ಕೆ ಗುಂಟೆ ಭೂಮಿಯೂ ಇಲ್ಲ.

ಅವರಿಗಿರುವುದು ಉದ್ಯೋಗ ಖಾತ್ರಿ ಎಂಬ ಉತ್ತರ ಸಿದ್ಧವಾಗಿದೆ. ಆ ಉತ್ತರವನ್ನು ನಾನು ಹಗುರವಾಗಿ ತಳ್ಳಿಹಾಕುವವಳಲ್ಲ, ಏಕೆಂದರೆ ಖಾತ್ರಿ ಬರುವ ಮೊದಲಿನ ದಿನಗಳನ್ನು ಕಂಡಿದ್ದೇನೆ. 2006ರ ಫೆಬ್ರುವರಿ 2ರಂದು ದೇಶದ 200 ಜಿಲ್ಲೆಗಳಲ್ಲಿ ಈ ಕಾಯ್ದೆ ಜಾರಿಯಾದಾಗ ರಾಯಚೂರು ಮೊದಲ ಪಟ್ಟಿಯಲ್ಲೇ ಇತ್ತು. ಬಳ್ಳಾರಿಗೆ 2007ರಲ್ಲಿ, ಕೊಪ್ಪಳಕ್ಕೆ 2008ರಲ್ಲಿ ಬಂತು. ಹೆಣ್ಣಾಳಿಗೊಂದು ಕೂಲಿ, ಗಂಡಾಳಿಗೊಂದು ಕೂಲಿ ಎಂಬುದೇ ಲೋಕದ ನಿಯಮವೆಂದು ತಿಳಿದಿದ್ದ ಊರಿನಲ್ಲಿ ಇಬ್ಬರಿಗೂ ಒಂದೇ ಕೂಲಿ ಖಾತೆಗೆ ಬಿದ್ದಾಗ ಹೆಂಗಸರ ಮಾತಿನ ಧಾಟಿಯೇ ಬದಲಾಯಿತು. ಸಮಾನ ವೇತನದ ಕಾನೂನು 1976ರಿಂದಲೂ ಇತ್ತು, ಅದು ಯಾರ ಹೊಲಕ್ಕೂ ಇಳಿದಿರಲಿಲ್ಲ. ಖಾತ್ರಿ ಕೂಲಿ ಪಕ್ಕದಲ್ಲಿ ನಿಂತ ಮೇಲೆ ನಾಟಿಯ ಗುತ್ತಿಗೆ ದರ ಮಾತಾಡುವಾಗ ಅವ್ವನಿಗೆ ಒಂದು ಹಿಡಿತ ಸಿಕ್ಕಿತು. "ಅಷ್ಟಕ್ಕ ಆಗಂಗಿಲ್ಲ, ನಾವು ಖಾತ್ರಿಗೆ ಹೋಗ್ತೀವಿ" ಎಂದು ಅವಳು ಒಬ್ಬ ದೊಡ್ಡ ರೈತರಿಗೆ ಹೇಳಿದ ದಿನ ನಾನು ಪಕ್ಕದಲ್ಲೇ ಇದ್ದೆ. ಅವರು ಎದ್ದು ಹೋದರು, ಮರುದಿನ ಬಂದು ಅವಳು ಹೇಳಿದ ದರಕ್ಕೇ ಒಪ್ಪಿದರು. ಕೂಲಿ ಏರುವುದಕ್ಕೆ ಬೇಕಾದದ್ದು ಇಷ್ಟೇ, ಬೇಡವೆಂದು ಹೇಳಿದರೂ ಒಲೆ ಉರಿಯುತ್ತದೆ ಎಂಬ ಧೈರ್ಯ.

ಅದೇ ಧೈರ್ಯದ ಇನ್ನೊಂದು ಮೂಲವನ್ನು ಈಗ ಬಹಳ ಮಂದಿ ದೂರುತ್ತಾರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು, ಆಗಸ್ಟ್ 30ರಂದು ತಿಂಗಳಿಗೆ 2,000 ರೂಪಾಯಿಯ ಗೃಹಲಕ್ಷ್ಮಿ ಬಂತು. ಅಂದಿನಿಂದ ಹೆಣ್ಣಾಳುಗಳು ಸಿಗುತ್ತಿಲ್ಲ, ಸೋಮಾರಿಗಳಾಗಿದ್ದಾರೆ ಎಂದು ಚಹಾ ಅಂಗಡಿಗಳಲ್ಲಿ ಮಾತಾಡುತ್ತಾರೆ. ನಾನು ಕಂಡದ್ದು ಬೇರೆ. ಮುಂಗಡ ತೆಗೆದುಕೊಂಡು ಕಡಿಮೆ ದರಕ್ಕೆ ಕೈ ಕಟ್ಟಿಸಿಕೊಳ್ಳುತ್ತಿದ್ದ ಇಬ್ಬರು ನಮ್ಮ ಓಣಿಯಲ್ಲಿ ಈಗ ಮುಂಗಡ ಮುಟ್ಟುವುದಿಲ್ಲ. ಬಸ್ಸಿನಲ್ಲಿ ಹೋಗಿ ಬರಬಹುದೆಂದು ಬೇರೆ ತಾಲ್ಲೂಕಿನ ಹತ್ತಿ ಬಿಡಿಸುವ ಕೆಲಸಕ್ಕೆ ಹೋದವರಿದ್ದಾರೆ. ಓಣಿಯ ಒಬ್ಬ ಹುಡುಗಿ ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಕ್ಕೆ ಸೇರಿ ವಾರಕ್ಕೊಮ್ಮೆ ಬಸ್ಸಿನ ಖರ್ಚಿಲ್ಲದೆ ಊರಿಗೆ ಬರುತ್ತಾಳೆ. ಆಳು ಸಿಗದಿರುವುದಕ್ಕೂ ಆಳು ಹೇಳಿದ ದರಕ್ಕೆ ಸಿಗದಿರುವುದಕ್ಕೂ ವ್ಯತ್ಯಾಸವಿದೆ.

ಆದರೆ ಎರಡನೇ ಬೆಳೆ ಇಲ್ಲದ ಡಿಸೆಂಬರ್‌ನಲ್ಲಿ ಖಾತ್ರಿ ಕೈಗೆ ಸಿಕ್ಕಿತೇ ಎಂದು ಕೇಳಿದರೆ ಉತ್ತರ ಬೇರೆಯಾಗುತ್ತದೆ. ತಾರೀಖುಗಳನ್ನು ಒಟ್ಟಿಗೆ ಇಟ್ಟು ನೋಡಿ. ಖಾತ್ರಿ ಕಾಮಗಾರಿಗಳ ಪಟ್ಟಿ, ಎಷ್ಟು ಕೂಲಿ ದಿನ ಬೇಕಾದೀತು ಎಂಬ ಅಂದಾಜು ಶುರುವಾಗುವುದು ಅಕ್ಟೋಬರ್ 2ರ ಗ್ರಾಮಸಭೆಯಿಂದ, ಅದೂ ಮುಂದಿನ ಆರ್ಥಿಕ ವರ್ಷಕ್ಕೆ. ಐಸಿಸಿ ಸೇರುವುದು ನವೆಂಬರ್‌ನಲ್ಲಿ. ಅಂದರೆ ನೀರಿಲ್ಲವೆಂದು ತಿಳಿಯುವ ಹೊತ್ತಿಗೆ ಚಾಲ್ತಿ ವರ್ಷದ ಪಟ್ಟಿ ಹಳೆಯದಾಗಿರುತ್ತದೆ, ಮುಂದಿನ ವರ್ಷದ ಪಟ್ಟಿ ನೀರು ಬಂದೇ ಬರುತ್ತದೆ ಎಂಬ ಲೆಕ್ಕದಲ್ಲಿ ತಯಾರಾಗುತ್ತಿರುತ್ತದೆ. ನಮ್ಮ ಪಂಚಾಯಿತಿಯಲ್ಲಿ ಖಾತ್ರಿ ಎಂದರೆ ಯುಗಾದಿಯ ನಂತರದ ಬೇಸಿಗೆ ಕೆಲಸ ಎಂಬುದೇ ರೂಢಿ, ಡಿಸೆಂಬರ್‌ನಲ್ಲಿ ಕೆಲಸ ಕೇಳಿ ಯಾರೂ ಬರುವುದಿಲ್ಲ ಎಂದೇ ಅಲ್ಲಿನವರು ಭಾವಿಸಿದ್ದರು. ಎರಡು ಇಲಾಖೆಗಳು ತಮ್ಮ ತಮ್ಮ ಪಂಚಾಂಗ ಹಿಡಿದು ಕುಳಿತಿವೆ, ನಡುವೆ ನಾಲ್ಕು ತಿಂಗಳು ಬಿದ್ದುಹೋಗಿವೆ.

ಕೇಳಿ ನೋಡೋಣವೆಂದು ಡಿಸೆಂಬರ್ ಮೊದಲ ವಾರ ಅವ್ವನ ಗುಂಪಿನ ಇಪ್ಪತ್ಮೂರು ಮನೆಗಳ ಇಪ್ಪತ್ಮೂರು ಹೆಣ್ಣುಮಕ್ಕಳ ಹೆಸರಿನಲ್ಲಿ ಖಾತ್ರಿ ಕೆಲಸ ಕೇಳುವ ಅರ್ಜಿ, ನಮೂನೆ 6 ತುಂಬಿದೆ. ಹನ್ನೊಂದು ಮಂದಿ ಸಹಿ ಹಾಕಿದರು, ಉಳಿದವರು ಹೆಬ್ಬೆಟ್ಟು. ದಿನಾಂಕ ಹಾಕಿದ ಸ್ವೀಕೃತಿ ಕೊಡಿ ಎಂದು ಕೇಳಿದಾಗ ಅಲ್ಲಿದ್ದವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಆಮೇಲೆ ಕೊಟ್ಟರು. ಅರ್ಜಿ ಕೊಟ್ಟ ಹದಿನೈದು ದಿನದೊಳಗೆ ಕೆಲಸ ಕೊಡಬೇಕೆಂಬುದು ಕಾಯ್ದೆ. ಕೆಲಸ ಬಂದದ್ದು ಇಪ್ಪತ್ತಾರು ದಿನ ಕಳೆದ ಮೇಲೆ: ಹಳ್ಳದ ದಂಡೆಯ ಹೊಲಗಳಲ್ಲಿ ಬದು ಹಾಕುವುದು.

ಒಂದು ರಜೆಯ ದಿನ ನಾನೂ ಹೋಗಿದ್ದೆ. ಒಣಗಿದ ಎರೆಮಣ್ಣು ಗುದ್ದಲಿಗೆ ಕಲ್ಲಿನಂತೆ ಎದುರು ನಿಲ್ಲುತ್ತದೆ. 2025-26ನೇ ಸಾಲಿಗೆ ಕರ್ನಾಟಕದ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಎಂದು ಗೋಡೆಯ ಮೇಲೆ ಬರೆದಿತ್ತು, ಹಿಂದಿನ ವರ್ಷದ 349ಕ್ಕಿಂತ 21 ರೂಪಾಯಿ ಹೆಚ್ಚು. ಆದರೆ ಅದು ಸಿಗುವುದು ಅಳತೆಯ ಪ್ರಕಾರ ಗುಂಡಿ ತೋಡಿದರೆ ಮಾತ್ರ, ಅಳತೆ ಕಡಿಮೆಯಾದರೆ ಕೂಲಿಯೂ ಕಡಿಮೆ. ಬೆನ್ನು ಬಾಗಿಸಿ ಕೆಸರಿನಲ್ಲಿ ಹಿಂದಕ್ಕೆ ನಡೆಯಲು ಪಳಗಿದ ಐವತ್ತು ದಾಟಿದ ಹೆಂಗಸರಿಗೆ ಈ ಮಣ್ಣು ಬೇರೆಯದೇ ಲೋಕ. ದಿನಕ್ಕೆರಡು ಸಲ ಮೊಬೈಲ್‌ನಲ್ಲಿ ಗುಂಪಿನ ಫೋಟೊ ತೆಗೆದು ಹಾಜರಿ ಹಾಕುವ ಪದ್ಧತಿ 2023ರ ಜನವರಿಯಿಂದ ಕಡ್ಡಾಯವಾಗಿದೆ. ಕೆಲಸ ಬೇಗ ಮುಗಿದರೂ ಎರಡನೆಯ ಫೋಟೊಗಾಗಿ ಬಿಸಿಲಿನಲ್ಲಿ ಕಾಯಬೇಕು. ಅಂದು ಹಳ್ಳದಲ್ಲಿ ನೆಟ್‌ವರ್ಕ್ ಸಿಗದೆ ಫೋನು ಹಿಡಿದಿದ್ದ ಹುಡುಗಿ ದಿಬ್ಬ ಹತ್ತಿ ಇಳಿದು ಸುಸ್ತಾಗಿದ್ದಳು. ಜಾಬ್ ಕಾರ್ಡಿನಲ್ಲಿ ಒಂದು, ಆಧಾರದಲ್ಲಿ ಒಂದು ಎಂದು ಹೆಸರಿನಲ್ಲಿ ಒಂದಕ್ಷರ ವ್ಯತ್ಯಾಸವಿದ್ದ ನಮ್ಮ ಚಿಗವ್ವನ ಕೂಲಿ ಮಾತ್ರ ಬ್ಯಾಂಕಿಗೆ ಬಂದಿಲ್ಲ. 2024ರ ಜನವರಿಯಿಂದ ಆಧಾರ್ ಜೋಡಣೆಯಿಲ್ಲದೆ ಪಾವತಿಯಿಲ್ಲ. ಮಣ್ಣು ಅವಳು ಹೊತ್ತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹನ್ನೆರಡು ದಿನ ಕೆಲಸ ನಡೆಯಿತು. ನಾಟಿ ಹಂಗಾಮು ಎಂದರೆ ನಮ್ಮ ಗುಂಪಿಗೆ ಮೂವತ್ತೈದು ನಲವತ್ತು ದಿನ.

ಅಷ್ಟರಲ್ಲಿ ಗುಂಪಿನ ಏಳು ಮನೆಗಳಿಗೆ ಬೀಗ ಬಿದ್ದಿತ್ತು. ನಮ್ಮಲ್ಲಿ ಗುಳೆ ಎಂದರೆ ಹೊಸ ಮಾತೇನಲ್ಲ, ಆದರೆ ಗದ್ದೆಸೀಮೆಯವರು ಗುಳೆ ಹೋಗುವುದು ಒಣಸೀಮೆಯವರಷ್ಟು ರೂಢಿಯದಲ್ಲ. ಹೊಸಬರಿಗೆ ಬೆಂಗಳೂರಿನ ಕಟ್ಟಡ ಕೆಲಸದಲ್ಲಿ ಮೇಸ್ತ್ರಿಯ ಪರಿಚಯವೂ ಇರುವುದಿಲ್ಲ, ಕಾರ್ಮಿಕರ ಕಾರ್ಡೂ ಇರುವುದಿಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಬೇಕಾದರೆ ವರ್ಷದಲ್ಲಿ 90 ದಿನ ದುಡಿದ ದೃಢೀಕರಣ ಬೇಕು. ಎರಡು ಮೂರು ತಿಂಗಳಿಗೆಂದು ಹೋದವರು ಆ ಲೆಕ್ಕಕ್ಕೂ ಸೇರುವುದಿಲ್ಲ. ಇತ್ತ ಹೊಲದಲ್ಲಿ ಕೆಲಸವಿಲ್ಲ, ಅತ್ತ ಮಾಡಿದ ಕೆಲಸಕ್ಕೆ ದಾಖಲೆಯಿಲ್ಲ. ಜನವರಿಯಲ್ಲಿ ನನ್ನ ತರಗತಿಯ ಒಬ್ಬ ವಿದ್ಯಾರ್ಥಿನಿ ಫೋನು ಮಾಡಿದಳು. "ಮೇಡಂ, ನಾನು ಬೆಂಗಳೂರಾಗ ಅದೀನ್ರಿ. ಅಪ್ಪ ಅವ್ವನ ಕೂಡ ಬಂದೀನಿ. ಪರೀಕ್ಷಾ ಫೀ ಕಟ್ಟಾಕ ಕಡೇ ದಿನ ಯಾವತ್ತೈತ್ರಿ?" ಹಿಂದೆ ಸಿಮೆಂಟ್ ಕಲಸುವ ಯಂತ್ರದ ಸದ್ದು ಕೇಳುತ್ತಿತ್ತು. ಹಾಜರಾತಿಯ ಬಗ್ಗೆ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇದೇ ಮಕ್ಕಳು ನನ್ನ ಬಳಿ ಹೆಚ್ಚು ಕೇಳುವುದು 371(ಜೆ) ಪ್ರಮಾಣಪತ್ರದ ಬಗ್ಗೆ. ಸಂವಿಧಾನದ 98ನೇ ತಿದ್ದುಪಡಿಯಿಂದ ನಮ್ಮ ಭಾಗಕ್ಕೆ ಬಂದ ಈ ಹಕ್ಕು ದೊಡ್ಡದು: ಸ್ಥಳೀಯ ವೃಂದದ ಎ ಮತ್ತು ಬಿ ಗುಂಪಿನ ಹುದ್ದೆಗಳಲ್ಲಿ ಶೇ 75, ಸಿ ಗುಂಪಿನಲ್ಲಿ ಶೇ 80, ಡಿ ಗುಂಪಿನಲ್ಲಿ ಶೇ 85ರಷ್ಟು ಸ್ಥಳೀಯರಿಗೆ. ಆದರೆ ಪಾಲು ಸಿಗುವುದು ಕರೆದ ಹುದ್ದೆಗಳಲ್ಲಿ. ಪರಿಶಿಷ್ಟ ಜಾತಿಗಳ ಒಳಮೀಸಲಾತಿ ಇತ್ಯರ್ಥವಾಗುವವರೆಗೆ 2024ರ ಕೊನೆಯಿಂದ ಹೊಸ ನೇಮಕಾತಿಗಳೇ ನಿಂತವು. ಒಳಮೀಸಲಾತಿ ಆಗಬೇಕಾದ ನ್ಯಾಯ, ಮೂರು ದಶಕ ಹೋರಾಡಿದವರಿಗೆ ಸಲ್ಲಬೇಕಾದದ್ದು. ಅದು ತಡವಾದ ಹೊಣೆ ಮಾತ್ರ ವಯೋಮಿತಿಯ ಅಂಚಿನಲ್ಲಿ ನಿಂತ ಹುಡುಗ ಹುಡುಗಿಯರ ತಲೆಗೆ ಬಿತ್ತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಕನಿಷ್ಠ ವೇತನದ ಹಕ್ಕು ಎಲ್ಲ ಕೆಲಸಗಾರರಿಗೂ ವಿಸ್ತರಿಸಿತು ಎಂಬ ಸುದ್ದಿಯನ್ನು ಅದೇ ತಿಂಗಳು ತರಗತಿಯಲ್ಲಿ ವಿವರಿಸುತ್ತಿದ್ದಾಗ ನನಗೆ ಇದೇ ಯೋಚನೆ. ಎಕರೆ ನಾಟಿಯೇ ಇಲ್ಲದ ಊರಿನಲ್ಲಿ ಕನಿಷ್ಠ ದರ ಯಾವ ಕೆಲಸಕ್ಕೆ ಸಲ್ಲಬೇಕು?

ಉದ್ಯೋಗ ಖಾತ್ರಿಯ ಬದಲಿಗೆ ಸಂಸತ್ತು 2025ರ ಡಿಸೆಂಬರ್‌ನಲ್ಲಿ ಒಪ್ಪಿದ ಹೊಸ ಕಾಯ್ದೆಯನ್ನೂ ನಾನು ಈ ಖಾಲಿ ಪುಟಗಳನ್ನು ಮುಂದಿಟ್ಟುಕೊಂಡೇ ಓದಿದೆ. ಒಂದು ಮನೆಗೆ ವರ್ಷಕ್ಕೆ 100 ದಿನವಿದ್ದ ಕೆಲಸದ ಖಾತ್ರಿ 125 ದಿನ ಆಗುತ್ತದೆ ಎಂಬುದು ಸಂತೋಷದ ಮಾತು. ಕೂಲಿಯ ಪೂರ್ಣ ವೆಚ್ಚ ಇಲ್ಲಿಯವರೆಗೆ ಕೇಂದ್ರದ್ದಾಗಿತ್ತು, ಇನ್ನು ರಾಜ್ಯ ನೂರಕ್ಕೆ 40 ಭರಿಸಬೇಕು. ರಾಜ್ಯದ ಬೊಕ್ಕಸ ಬಿಗಿಯಾದ ವರ್ಷವೇ ಬರದ ವರ್ಷವೂ ಆಗಿರುತ್ತದೆ ಎಂಬುದು ನನ್ನ ಆತಂಕ. ಅದಕ್ಕಿಂತ ಹತ್ತಿರದ ಆತಂಕ ಬಿತ್ತನೆ ಮತ್ತು ಸುಗ್ಗಿಯ ಹೊತ್ತಿನಲ್ಲಿ ವರ್ಷಕ್ಕೆ 60 ದಿನ ಈ ಕೆಲಸ ನಿಲ್ಲಿಸುವ ನಿಯಮದ್ದು. ಹೊಲಕ್ಕೆ ಆಳು ಸಿಗಲಿ ಎಂಬುದು ಅದರ ಉದ್ದೇಶ. ಹೊಲದಲ್ಲಿ ಕೆಲಸವೇ ಇಲ್ಲದ ಡಿಸೆಂಬರ್ ಜನವರಿಯನ್ನು ಯಾರೋ ದೂರದಲ್ಲಿ ಕುಳಿತು ನಾಟಿ ಹಂಗಾಮು ಎಂದು ಮೊದಲೇ ಗುರುತಿಸಿಬಿಟ್ಟರೆ ಎರಡೂ ಬಾಗಿಲು ಒಟ್ಟಿಗೆ ಮುಚ್ಚುತ್ತವೆ. ನಮ್ಮ ಜಿಲ್ಲೆಯಲ್ಲಿ ಒಂದೇ ಹಂಗಾಮು ಇಲ್ಲ. ಸಿಂಧನೂರಿನ ಗದ್ದೆಯ ಹಂಗಾಮು ಲಿಂಗಸುಗೂರಿನ ತೊಗರಿಯ ಹಂಗಾಮಲ್ಲ. ಒಂದೇ ವಿತರಣಾ ಕಾಲುವೆಯ ಮೇಲ್ಭಾಗ ಮತ್ತು ಕೊನೆ ಭಾಗಕ್ಕೂ ಹದಿನೈದು ಇಪ್ಪತ್ತು ದಿನ ಅಂತರವಿರುತ್ತದೆ. ಆ 60 ದಿನಗಳನ್ನು ಗೊತ್ತುಮಾಡುವವರು ಐಸಿಸಿ ನಿರ್ಣಯ ಬಂದ ಮೇಲೆ, ಕಾಲುವೆವಾರು ಮಾಡಬೇಕು.

ನೀರಿಲ್ಲದ ತಿಂಗಳುಗಳಲ್ಲಿ ಏನು ಕೆಲಸ ಕೊಡಬಹುದು ಎಂದು ನನ್ನನ್ನು ಕೇಳಿದರೆ ನಾನು ಕಾಲುವೆಯನ್ನೇ ತೋರಿಸುತ್ತೇನೆ. ನೀರು ಹರಿಯುವಾಗ ಕಾಲುವೆ ದುರಸ್ತಿ ಸಾಧ್ಯವಿಲ್ಲ. ನೀರು ನಿಂತ ನಾಲ್ಕು ತಿಂಗಳು ಅದಕ್ಕೆಂದೇ ಸಿಕ್ಕ ಸಮಯ. ನಮ್ಮೂರ ಹೊಲಗಾಲುವೆಗಳಲ್ಲಿ ಆಪು ಮತ್ತು ಜಾಲಿ ಬೆಳೆದು ನಿಂತಿವೆ, ಹೂಳು ಮೊಣಕಾಲು ಮಟ್ಟಕ್ಕಿದೆ, ಕೊನೆ ಭಾಗದ ರೈತರು ಪ್ರತಿವರ್ಷ ನೀರಿಗಾಗಿ ರಸ್ತೆಗಿಳಿಯುವುದಕ್ಕೆ ಇದೂ ಒಂದು ಕಾರಣ. ಮುಖ್ಯ ಕಾಲುವೆಯ ಲೈನಿಂಗ್‌ಗೆ ಯಂತ್ರ, ಗುತ್ತಿಗೆದಾರರು ಬೇಕಾಗಬಹುದು, ಒಪ್ಪುತ್ತೇನೆ. ಹೊಲಗಾಲುವೆ, ಉಪಕಾಲುವೆಗಳ ಹೂಳು ಗುದ್ದಲಿ ಬುಟ್ಟಿಯದೇ ಕೆಲಸ. ಈ ಹಿಂಗಾರಿನಲ್ಲಿ ನಮ್ಮ ಪಕ್ಕದ ಉಪಕಾಲುವೆಯಲ್ಲಿ ಎರಡು ದಿನ ಜೆಸಿಬಿ ಓಡಾಡಿ ಕೆಲಸ ಮುಗಿಯಿತೆಂದು ಹೋಯಿತು. ಅವ್ವನ ಗುಂಪಿನ ಹೆಂಗಸರು ದಂಡೆಯ ಮೇಲೆ ನಿಂತು ನೋಡಿದರು. ಆ ಕಾಲುವೆಯ ಹೂಳನ್ನು ಅವರು ತೆಗೆದಿದ್ದರೆ ಈ ವರ್ಷದ ಕೂಲಿಯೂ ಅವರಿಗೆ ಸಿಗುತ್ತಿತ್ತು, ಬರುವ ವರ್ಷ ನೀರು ಕೊನೆಯವರೆಗೆ ಹರಿದು ಅಲ್ಲಿ ಹುಟ್ಟುವ ನಾಟಿಯ ಕೂಲಿಯೂ ಅವರಂಥವರಿಗೇ ಸಿಗುತ್ತಿತ್ತು. ಐಸಿಸಿ ಸಭೆಗೆ ಜಲಾಶಯದ ಮಟ್ಟದ ಟಿಪ್ಪಣಿಯೊಂದಿಗೆ ಇಷ್ಟು ಎಕರೆಗೆ ಇಷ್ಟು ಕೂಲಿ ದಿನ ಎಂಬ ಒಂದು ಸಾಲು ಸೇರಲಿ; ನೀರಿಲ್ಲವೆಂದು ಬರೆದ ಅದೇ ನಡಾವಳಿಯಲ್ಲಿ ಯಾವ ಪಂಚಾಯಿತಿಯಲ್ಲಿ ಯಾವ ಕಾಲುವೆಯ ಕೆಲಸ ಯಾವ ತಾರೀಖಿನಿಂದ ಎಂಬುದೂ ಬರಲಿ; ಆ ಸಭೆಯಲ್ಲಿ ಪಹಣಿ ಇಲ್ಲದವರ ಪರವಾಗಿ ಒಬ್ಬರಾದರೂ ಕುಳಿತಿರಲಿ.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಪುಸ್ತಕ ತೆಗೆದು ಅವ್ವನಿಗೆ ಸ್ವೀಕೃತಿಯ ತಾರೀಖು ಓದಿ ಹೇಳಿದೆ. ಹದಿನೈದು ದಿನ ಮೀರಿದ ಮೇಲೆ ಕೆಲಸ ಕೊಡುವವರೆಗೆ ನಿರುದ್ಯೋಗ ಭತ್ಯೆ ಸಲ್ಲಬೇಕು, ಮೊದಲ ಮೂವತ್ತು ದಿನಕ್ಕೆ ಅದು ಕೂಲಿಯ ಕಾಲು ಭಾಗಕ್ಕಿಂತ ಕಡಿಮೆಯಿರಬಾರದು ಎಂದು ವಿವರಿಸಿದೆ. ಅವಳು ಕಣ್ಣು ಮುಚ್ಚಿಕೊಂಡು ಬಾಯಲ್ಲೇ ಲೆಕ್ಕ ಹಾಕಿದಳು. ದಿನಕ್ಕೆ 92 ರೂಪಾಯಿ 50 ಪೈಸೆ, ಹನ್ನೊಂದು ದಿನ, ಒಬ್ಬೊಬ್ಬರಿಗೆ 1,017 ರೂಪಾಯಿ 50 ಪೈಸೆ. ಅರ್ಜಿ ಕೊಟ್ಟರೆ ಇಂಥದ್ದನ್ನು ಇಲ್ಲಿ ಯಾರೂ ಪಡೆದಿಲ್ಲ ಎಂದು ಪಂಚಾಯಿತಿಯಲ್ಲಿ ಹೇಳಿದ್ದಾರೆ ಎಂದೆ. "ಯಾರೂ ಕೇಳಿಲ್ಲ, ಅದಕ್ಕ ಪಡೆದಿಲ್ಲ. ಬರಿ" ಎಂದಳು. ಖಾಲಿ ಬಿದ್ದಿದ್ದ ಪುಟದಲ್ಲಿ ಇಪ್ಪತ್ಮೂರು ಹೆಸರು ಬರೆದು, ಬರಬೇಕಾದ ಬಾಕಿಯ ಸಾಲಿನಲ್ಲಿ ಒಟ್ಟು 23,402 ರೂಪಾಯಿ 50 ಪೈಸೆ ಎಂದು ಹಾಕಿದ್ದೇನೆ.